ಎಡಗೈ ಹಗ್ಗ

ಚಪ್ಪಟೆ ಪೆನ್ಸಿಲ್ಲಿನ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಇನ್ನೊಂದನ್ನು ಓಡುವ ಮೋಟರಿನ ಮೈಗೆ ತಾಗಿಸಿ ಕಣ್ಣು ಮುಚ್ಚುತ್ತಿದ್ದರು, ನಮ್ಮ ಪಕ್ಕದ ಮನೆಯ ಬಡಗಿ ಚಾಚಾ. ಮರ ಕೊಯ್ಯುವ ಸದ್ದಿಗೆ ಅವರ ಕಿವಿ ಅರ್ಧ ಹೋಗಿತ್ತು. "ಕಿವಿ ಸುಳ್ಳು ಹೇಳ್ತದೆ ಕಣಮ್ಮ, ಹಲ್ಲು ಹೇಳಲ್ಲ" ಎನ್ನುತ್ತಿದ್ದರು.

ಶಿರಾದ ನಮ್ಮ ಗಲ್ಲಿಯಲ್ಲಿ ಅವರ ಮನೆಯ ಮುಂಗೋಣೆಯೇ ಕಾರ್ಖಾನೆ. ಬಲಭುಜ ಸೋತು ಉಜ್ಜುಗೊರಡು ತಳ್ಳಲಾಗದೆ ಹೋದಾಗ, ಮಧುಗಿರಿಯಲ್ಲಿ ಮುಚ್ಚಿಹೋದ ಸಾಮಿಲ್ಲೊಂದರಿಂದ ಹಲಗೆ ನುಣುಪು ಮಾಡುವ ಹಳೆಯ ಮಷೀನು ತಂದರು. ಅದು ಮೂರು ಫೇಸಿನ ಕರೆಂಟಿಗೆ ಓಡುವುದು. ನಮ್ಮ ಮನೆಗಳಿಗೆ ಬರುವುದು ಒಂದೇ ಫೇಸು. ಮಷೀನು ಓಡದಿದ್ದರೆ ಅವರು ಬಡಗಿ ಕೆಲಸವನ್ನೇ ಬಿಡಬೇಕಿತ್ತು.

ನಾನು ಆಗಷ್ಟೇ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಮುಗಿಸಿ ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳಲು ಸೇರಿದ್ದೆ. ನಮ್ಮ ಮನೆತನದಲ್ಲಿ ಹತ್ತನೇ ಕ್ಲಾಸು ದಾಟಿದವರೇ ಇರಲಿಲ್ಲ, ಡಿಗ್ರಿ ನನ್ನದೇ ಮೊದಲು. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಮೂರು ಫೇಸಿನ ಪಂಪಿನ ಹಳೆಯ ಮೋಟರೊಂದು ಒಂದೇ ಫೇಸಿನಲ್ಲಿ ತಿರುಗತೊಡಗಿದರೆ ಉಳಿದ ಫೇಸುಗಳನ್ನು ತಾನೇ ಹುಟ್ಟಿಸುತ್ತದೆ ಎಂದು ಓದಿದ್ದೆ. ಅಂಥದೊಂದು ಮೋಟರು ತಂದು, ಅದನ್ನು ಎಬ್ಬಿಸಲು ಲೆಕ್ಕ ಹಾಕಿ ಕಂಡೆನ್ಸರ್ ಕಟ್ಟಿ, ಮಷೀನಿಗೆ ವೈರು ಎಳೆದೆ. ಸ್ವಿಚ್ಚು ಒತ್ತಿದರೆ ಮೋಟರು ನಿಂತಲ್ಲೇ ಗುರ್ರೆಂದು ಫ್ಯೂಸು ಸುಟ್ಟಿತು.

"ನಾಲ್ಕು ವರ್ಷ ಓದಿ ಫ್ಯೂಜು ಸುಡೋದು ಕಲ್ತ್ಯಾ ಬೇಟಿ?"

ನನಗೆ ಅಳುವೇ ಬಂತು. ಅವರು ಮೋಟರಿನ ರಾಟೆಗೆ ನೂಲಿನ ಹಗ್ಗ ಸುತ್ತಿದರು. "ಸೀಮೆಎಣ್ಣೆ ಪಂಪು ಹೆಂಗೆ ಎಬ್ಬಿಸ್ತಾರೆ? ಹಗ್ಗ ಎಳ್ದು ತಾನೆ? ಮೊದ್ಲು ನಾವು ತಿರುಗ್ಸಾಣ, ಆಮ್ಯಾಕೆ ಕರೆಂಟು."

ನಾನು ಎಳೆದೆ, ಅವರು ಸ್ವಿಚ್ಚು ಹಾಕಿದರು. ಮೋಟರು ಓಡಿತು, ಅದರ ಬೆನ್ನಿಗೇ ಮಷೀನೂ ಓಡಿತು. ಚಾಚಾ ಪೆನ್ಸಿಲ್ಲು ಕಚ್ಚಿ ಬಹಳ ಹೊತ್ತು ನಿಂತಿದ್ದರು.

ಮಾರನೇ ದಿನ ಚಾಚಾ ಒಬ್ಬರೇ ಎಬ್ಬಿಸಿದಾಗ ಮಷೀನು ಉಲ್ಟಾ ತಿರುಗಿತು. ನಾನು ಹಗ್ಗವನ್ನು ಬಲಕ್ಕೆ ಎಳೆದಿದ್ದೆ, ಬಲಭುಜ ನೋವಿನ ಅವರು ಎದುರು ದಿಕ್ಕಿಗೆ ಸುತ್ತಿ ಎಡಗೈಯಿಂದ ಎಡಕ್ಕೆ. ಮೋಟರು ಹೊರಳಿದ ದಿಕ್ಕನ್ನು ಹಿಡಿದು ಮಷೀನೂ ಬದಲಾಗಿತ್ತು. "ದಿನಾ ಡ್ಯೂಟಿಗೆ ಹೋಗೋ ಮುಂಚೆ ನಾನೇ ಬಂದು ಎಳ್ದುಕೊಡ್ತೀನಿ ಚಾಚಾ" ಎಂದೆ.

"ನಿನ್ ಬಸ್ಸು ತಪ್ಪೋದ್ರೆ? ನೀನು ಮದ್ವೆ ಆಗಿ ಹೊಂಟೋದ್ರೆ? ನನ್ ಮಷೀನು ನನ್ ಕೈಲೇ ಏಳ್ಬೇಕು. ಕೈ ಬದ್ಲಾಗಲ್ಲ ಇಂಜಿನೀರಮ್ಮ, ವೈರು ಬದ್ಲಾಯ್ಸು."

ಮಷೀನಿನ ಎರಡು ವೈರು ಅದಲುಬದಲು ಮಾಡಿದೆ, ಅವರ ಎಡಗೈ ಎಳೆತಕ್ಕೇ ಮಷೀನು ನೇರವಾಗಿ ತಿರುಗಿತು. ಐದು ನಿಮಿಷದ ಕೆಲಸ. ಆಮೇಲೆ ಕೊನೆಯವರೆಗೂ ಅವರು ಅದನ್ನು ಎಬ್ಬಿಸಲು ಯಾರನ್ನೂ ಕರೆಯಲಿಲ್ಲ. ಪಾವಗಡದಿಂದ ಬಾಗಿಲು ಮಾಡಿಸಲು ಬಂದವರಿಗೂ, "ಇದು ಕಟ್ಟಿದ್ದು ನಮ್ ಇಂಜಿನೀರು. ಅವ್ರ ಮನೇಲಿ ಫಸ್ಟ್ ಓದಿದೋಳು" ಎನ್ನುತ್ತಿದ್ದರು. ನನ್ನ ಘಟಿಕೋತ್ಸವಕ್ಕೆ ಬರಲಾಗದ ಅಮ್ಮ, ಈ ಮಾತು ಕೇಳಲು ಮಾತ್ರ ಬಟ್ಟೆ ಒಣಗಿಸುವ ನೆಪದಲ್ಲಿ ಹೊರಗೆ ಬಂದು ನಿಲ್ಲುತ್ತಿದ್ದಳು.

ಹೋದ ರಂಜಾನಿಗೆ ಮುಂಚೆ ಚಾಚಾ ತೀರಿಕೊಂಡರು. ಕೆಲಸ ತಾನೇ ಮುಂದುವರಿಸುತ್ತೇನೆ ಎಂದು ಅವರ ಮಗಳು ಹಟ ಹಿಡಿದಳು. ಒಂದು ಬೆಳಿಗ್ಗೆ ಗೋಡೆಯಾಚೆಯಿಂದ ಕೂಗಿದಳು: "ಅಕ್ಕಾ, ಮಷೀನು ಉಲ್ಟಾ ತಿರುಗ್ತೈತೆ!"

ಅವಳು ಬಲಗೈಯವಳು. ನಾನು ಸ್ಕ್ರೂಡ್ರೈವರ್ ಹಿಡಿದು ಹೋಗಿ, ಎರಡು ವೈರಿನ ಕಥೆ ಹೇಳಿ, ಮುಚ್ಚಳ ಬಿಚ್ಚಲು ಕುಳಿತೆ. ಅವಳು ನನ್ನ ಕೈ ಹಿಡಿದಳು.

"ಬ್ಯಾಡ ಅಕ್ಕ. ನಮ್ ಅಬ್ಬಾ ಇಟ್ಟಂಗೇ ಇರ್ಲಿ ಬುಡು."

ಹಗ್ಗವನ್ನು ಎದುರು ದಿಕ್ಕಿಗೆ ಸುತ್ತಿ ಎಡಗೈಗೆ ತೆಗೆದುಕೊಂಡಳು. ಎರಡು ಸಲ ಜಾರಿತು. ಮೂರನೇ ಸಲ ಮೋಟರು ಎದ್ದಿತು. ಕಿಟಕಿಯಲ್ಲಿದ್ದ ಚಾಚಾರ ಚಪ್ಪಟೆ ಪೆನ್ಸಿಲ್ಲನ್ನು ನಾನು ಕಚ್ಚಿ ಅದರ ಮೈಗೆ ತಾಗಿಸಿದೆ. ಹಲ್ಲಿಗೆ ಸರಿಯಾಗಿಯೇ ಕೇಳಿಸಿತು.