ವಾರ್ಫಿನ ಅಂಚು ನೋಡಿದ ಅರುಂಧತಿ

ಅರುಂಧತಿಗೆ ಅನುಮಾನವೆಂಬುದು ಉಸಿರಿನಷ್ಟೇ ಸಹಜ. ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿ, ನ್ಯೂಜಿಲೆಂಡಿನ ನೆಲ್ಸನ್ ಬಂದರಿನಲ್ಲಿ ದೋಣಿಗಳ ರೇಡಾರ್ ರಿಪೇರಿ ಮಾಡುತ್ತಿದ್ದ ಅವಳಿಗೆ, ಪರದೆ ತೋರಿಸಿದ್ದನ್ನೆಲ್ಲ ನಂಬುವ ಅಭ್ಯಾಸವಿರಲಿಲ್ಲ. ಅಂಗಡಿಯಲ್ಲಿ ಮೊಸರಿನ ಡಬ್ಬಿಯ ತಾರೀಖನ್ನು ತಾನೇ ಓದದೆ ಬುಟ್ಟಿಗೆ ಹಾಕುತ್ತಿರಲಿಲ್ಲ. 2014ರ ಚಳಿಗಾಲದಲ್ಲಿ ಆ ಅನುಮಾನ ಮುರಳಿಯ ಮೇಲೆ ತಿರುಗಿತು.

ಮುರಳಿ ಧಾರವಾಡದವನು. ನ್ಯೂಜಿಲೆಂಡಿನಲ್ಲೇ ಓದು ಮುಗಿಸಿ ಅವಳ ಕೈಕೆಳಗೆ ಸೇರಿದ್ದ. ಟ್ರಯಲ್ ಅವಧಿ ಇನ್ನೂ ಮುಗಿದಿರಲಿಲ್ಲ. ಅಷ್ಟರೊಳಗೆ ಮಾಲೀಕ ಬೇಡವೆಂದರೆ ಕೆಲಸ ಹೋಗುತ್ತಿತ್ತು, ಅದನ್ನು ನಂಬಿದ್ದ ವೀಸಾ ಕೂಡ.

ಆ ವಾರ ಅವನೊಬ್ಬನೇ ಒಂದು ಮೀನುಗಾರಿಕೆ ದೋಣಿಯ ರೇಡಾರಿಗೆ ಹೊಸ ಕೇಬಲ್ ಎಳೆದಿದ್ದ. ಸಮುದ್ರಕ್ಕೆ ಹೋಗಿ ಬಂದ ಸ್ಕಿಪ್ಪರ್, ಆ ದೋಣಿ ನಡೆಸುವವನು, ಸಿಡಿಮಿಡಿಗೊಂಡು ಅದರ ಕೀಲಿಯನ್ನು ಅರುಂಧತಿಯ ಕೈಗಿಟ್ಟಿದ್ದ. ಬಂದರಿನ ಹೊರಗೆ ಒಂದರ ಹಿಂದೊಂದು ನಿಂತಿದ್ದ ಎರಡು ಬಾರ್ಜುಗಳು, ಅಂದರೆ ಚಪ್ಪಟೆ ಸರಕು ದೋಣಿಗಳು, ಪರದೆಯ ಮೇಲೆ ಒಂದೇ ಮುದ್ದೆಯಾಗಿ ಕಂಡವಂತೆ.

ಕೇಬಲ್ ಎಂದ ಕೂಡಲೇ ಅರುಂಧತಿ ತೀರ್ಮಾನಿಸಿಬಿಟ್ಟಳು. ರೇಡಾರ್ ರೇಡಿಯೋ ಅಲೆಯ ಒಂದು ಮಿಡಿತ ಕಳಿಸಿ, ಅದು ತಾಗಿ ಮರಳಲು ಹಿಡಿದ ಸಮಯದಿಂದ ದೂರವನ್ನು ಲೆಕ್ಕ ಹಾಕುತ್ತದೆ. ಕೇಬಲ್ ಉದ್ದವಾದರೆ ಆ ಸಮಯಕ್ಕೆ ಒಂದು ಚೂರು ಸೇರಿಕೊಳ್ಳುತ್ತದೆ. ಅದನ್ನು ಕಳೆಯುವಂತೆ ಹೊಂದಿಸದಿದ್ದರೆ ಎಲ್ಲವೂ ಇರುವುದಕ್ಕಿಂತ ದೂರ ಕಾಣುತ್ತದೆ. ಮುರಳಿ ಹೊಂದಿಸಲು ಮರೆತಿದ್ದಾನೆ, ಮರೆತದ್ದನ್ನು ಮುಚ್ಚಿಡುತ್ತಿದ್ದಾನೆ ಎಂದುಕೊಂಡಳು. ಕೇಳಿದಾಗ ಅವನು ಕಣ್ಣು ತಪ್ಪಿಸಿದ್ದೂ ಅವಳಿಗೆ ಸಾಕ್ಷಿಯಾಯಿತು. ದೋಣಿಯನ್ನು ನೋಡುವ ಮೊದಲೇ ಮಾಲೀಕನಿಗೆ ಹೇಳಿಬಿಟ್ಟಳು, ಇವನ ಕೆಲಸ ನಂಬುವಂತಿಲ್ಲವೆಂದು. ಸಂಜೆ ಅವನನ್ನು ಕರೆಸುತ್ತೇನೆ ಎಂದ ಮಾಲೀಕ.

ಮಧ್ಯಾಹ್ನ ಅವಳು ಮುರಳಿಯನ್ನು ಕರೆದುಕೊಂಡು ದೋಣಿ ಹತ್ತಿದಳು. ಸಮಯ ಸರಿಯಿದೆಯೇ ಎಂದು ತಿಳಿಯಲು ಪರದೆಯಲ್ಲಿ ಪಕ್ಕದ ವಾರ್ಫಿನ, ಅಂದರೆ ದೋಣಿ ಕಟ್ಟುವ ಕಟ್ಟೆಯ, ಅಂಚನ್ನು ನೋಡುವುದು ಅವರ ರೂಢಿ. ಸಮಯ ತಪ್ಪಿದ್ದರೆ ನೇರವಾದ ಅಂಚು ಬಿಲ್ಲಿನಂತೆ ಬಾಗಿ ಕಾಣುತ್ತದೆ. ಅರುಂಧತಿ ಆ ಬಾಗನ್ನು ಕಣ್ಣು ಕಿರಿದು ಮಾಡಿ ಹುಡುಕಿದಳು. ಅಂಚು ಅಳತೆಪಟ್ಟಿ ಇಟ್ಟು ಗೆರೆ ಎಳೆದಂತೆ ನೇರವಾಗಿತ್ತು.

“ಆಮೇಲೆ ಬಂದು ಸರಿ ಮಾಡಿದ್ಯಾ?” ಎಂದಳು.

“ಕೀಲಿ ನಿಮ್ಮ ಕಿಸೆದಾಗ ಐತಲ್ರೀ, ಅಕ್ಕಾರ,” ಎಂದ ಮುರಳಿ.

ಬಾರ್ಜುಗಳು ಈಗಲೂ ಒಂದೇ ಮುದ್ದೆ. ಸಮಯ ತಪ್ಪಿದ್ದರೂ ಎರಡೂ ಒಂದೇ ಅಳತೆಯಲ್ಲಿ ದೂರ ಸರಿಯುತ್ತಿದ್ದವೇ ಹೊರತು ಅಂಟಿಕೊಳ್ಳುತ್ತಿರಲಿಲ್ಲ. ಅವಳು ಪರದೆಯ ಮೂಲೆಯನ್ನು ಓದಿದಳು. ಸ್ಕಿಪ್ಪರ್ ದೂರ ನೋಡಲೆಂದು ಉದ್ದ ಮಿಡಿತಕ್ಕೆ ಹಾಕಿ ಹಾಗೇ ಬಿಟ್ಟಿದ್ದ. ಮಿಡಿತ ಉದ್ದವಾದಷ್ಟೂ ದೂರದ್ದು ಚೆನ್ನಾಗಿ ಸಿಗುತ್ತದೆ. ಆದರೆ ಮೊದಲ ಬಾರ್ಜಿನ ಪ್ರತಿಧ್ವನಿ ಬಂದು ಮುಗಿಯುವ ಮೊದಲೇ ಹಿಂದಿನದರದ್ದು ಬಂದು ಅಂಟಿಕೊಳ್ಳುತ್ತದೆ. ಗುಂಡಿ ಒತ್ತಿ ಮಿಡಿತವನ್ನು ಗಿಡ್ಡ ಮಾಡಿದಳು. ಮುದ್ದೆ ಸೀಳಿ ಎರಡಾಯಿತು.

“ಮತ್ತೆ ಕೇಳ್ದಾಗ ಯಾಕೆ ಕಣ್ಣು ತಪ್ಪಿಸ್ದೆ?”

“ನೀವು ಹಂಗ ನೋಡಿದ್ರ ಯಾರರ ತಪ್ಪಿಸ್ತಾರ್ರೀ.”

ಅವಳು ನೇರವಾಗಿ ಆಫೀಸಿಗೆ ನಡೆದಳು. ದೋಣಿಯನ್ನು ನೋಡದೆ ದೂರಿದ್ದೆ, ಅವನ ಕೆಲಸದಲ್ಲಿ ತಪ್ಪಿಲ್ಲ ಎಂದು ಮಾಲೀಕನ ಮುಂದೆ ಒಪ್ಪಿಕೊಂಡಳು. ಮುರಳಿ ಉಳಿದ. ಆದರೆ ಅಂದಿನಿಂದ ಪ್ರತಿ ಕೆಲಸ ಮುಗಿದ ಮೇಲೂ ಅವಳನ್ನು ಕರೆಯುತ್ತಿದ್ದ. ಅವಳು ತಾನೇ ನೋಡಿ, ಸರಿಯಿದೆ ಎಂದು ಎಲ್ಲರ ಎದುರು ಹೇಳುವವರೆಗೆ ದೋಣಿಯಿಂದ ಇಳಿಯುತ್ತಿರಲಿಲ್ಲ. ಅವಳು ಪರದೆ ನೋಡುವಾಗ ಅವನು ಪಕ್ಕದಲ್ಲಿ ನಿಂತು, ಅವಳೇ ಏನಾದರೂ ಬದಲಿಸಿಯಾಳೆಂಬ ಅನುಮಾನದಿಂದ, ಅವಳ ಕೈಗಳನ್ನೇ ನೋಡುತ್ತಿದ್ದ.