ನಾನು ತಿಕ್ಕಿದ ರೋಮನ್ ಬೆಳ್ಳಿ

ಫೆಲಿಕ್ಸ್ ಪೊರ್ಬುಗಳೇ, ಆ ನಾಣ್ಯ ನಕಲಿಯಲ್ಲ. ಅದನ್ನು ಕೆಡಿಸಿದವನು ನಾನು — ಗಲ್ಫಿನ ಮಹಬೂಲಾದ ಈ ಫ್ಲಾಟಿನಲ್ಲಿ ಒಂಬತ್ತು ವರ್ಷಗಳಿಂದ ನಿಮ್ಮೊಂದಿಗೆ ಒಂದೇ ಪಾತ್ರೆಯ ಗಂಜಿ ಉಣ್ಣುವವನು.

ಹಳೆ ಸಾಮಾನಿನ ಅಂಗಡಿಯ ಮುದುಕ ಅಬು ಸಲೀಂ ಅದನ್ನು ನಿಮಗಾಗಿಯೇ ತೆಗೆದಿಟ್ಟಿದ್ದ. ಒಂದು ಕಡೆ ಗಿಣಿಮೂಗಿನ ಚಕ್ರವರ್ತಿ. ಇನ್ನೊಂದು ಕಡೆ ಒಂದನ್ನೊಂದು ಹಿಡಿದ ಎರಡು ಕೈ. "ರೋಮಿನವರಿಗೆ ಇದು ನಂಬಿಕೆಯ ಗುರುತಂತೆ ಶೆಟ್ರೇ. ಮದುವೆಯಾಗಿ ಇಪ್ಪತ್ತೈದು ವರ್ಷ ಆಗ್ತದಲ್ಲ, ಗ್ರೇಸಿಗೆ ಕೊಡ್ಲಿಕ್ಕೆ" ಎಂದು ನೀವು ನಾಚಿಕೊಂಡಿರಿ. ಐವತ್ತು ದಾಟಿದ ಗಂಡಸು ಹಾಗೆ ನಾಚಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ದೀಪಾವಳಿಯ ಮುನ್ನಾದಿನ ನೀವು ಡ್ಯೂಟಿಯಲ್ಲಿದ್ದಿರಿ. ನಾನು ದೇವರ ಬೆಳ್ಳಿ ದೀಪಗಳನ್ನು ವಿಭೂತಿ ಹಾಕಿ ತಿಕ್ಕುತ್ತಿದ್ದೆ. ಮೇಜಿನ ಮೇಲೆ ನಿಮ್ಮ ನಾಣ್ಯ, ಕಪ್ಪಗೆ. ಹಬ್ಬಕ್ಕೆ ಮನೆಯ ಬೆಳ್ಳಿ ಕಪ್ಪಾಗಿರಬಾರದು ಎಂದು ಅಮ್ಮ ಕಲಿಸಿದ ಕೈ — ಸುಮ್ಮನಿರಲಿಲ್ಲ. ವಿಭೂತಿಗೆ ಬಗ್ಗದಾಗ ಟೂತ್‌ಪೇಸ್ಟು, ಹಳೇ ಬ್ರಷ್ಷು... ನಿಮಗೆ ಖುಷಿಯಾಗಲಿ ಎಂದೇ. ಕೊನೆಗೆ ಫಳಫಳ ಹೊಳೆಯಿತು. ಆದರೆ ಅದರ ಮೇಲಿನ ಆ ಎರಡು ಕೈಗಳ ಬೆರಳ ಗೆರೆಯೆಲ್ಲ ಅಳಿಸಿಹೋಗಿತ್ತು.

ಸಂಜೆ ಬಂದವರೇ ಗಾಬರಿಯಾದಿರಿ. "ಎಂತ ಇದು ಮಾರಾಯ್ರೇ? ಕಪ್ಪೆಲ್ಲ ಎಲ್ಲಿ ಹೋಯ್ತು?"

"ಮೇಜು ಒರೆಸುವಾಗ ಸ್ವಲ್ಪ ನೀರು ತಾಗಿತು... ಅಷ್ಟೇ" ಎಂದೆ.

ನಿಜವಾದ ಹಳೇ ಕಪ್ಪು ನೀರಿಗೆ ಹೋಗುವುದಿಲ್ಲ; ನೀರಿಗೆ ಬಿಡುವ ಬಣ್ಣವೆಂದರೆ ಮುದುಕ ನಕಲಿ ಕೊಟ್ಟು ಟೋಪಿ ಹಾಕಿದ್ದಾನೆ ಎಂದೇ ನಿಮಗನ್ನಿಸಿತು. ಶುಕ್ರವಾರ ನಾಣ್ಯವನ್ನು ಅವನ ಮುಂದಿಟ್ಟು, "ಖಲಾಸ್" ಎಂದು ಹೊರಬಂದಿರಿ. ಹಿಂದೆಯೇ ಇದ್ದ ನಾನು ನೋಡಿದೆ — ಅವನು ನಾಣ್ಯವನ್ನು ತಿರುಗಿಸಿದ, ಆಮೇಲೆ ನನ್ನ ಮುಖ ನೋಡಿದ. ಅವನಿಗೆ ತಿಳಿದುಹೋಯಿತು. ನಾನು ಕಳ್ಳನ ಹಾಗೆ ತಲೆ ತಗ್ಗಿಸಿದೆ.

ಮೂರು ವರ್ಷ ನೀವು ಆ ಬೀದಿಗೇ ಕಾಲಿಡಲಿಲ್ಲ. ಶುಕ್ರವಾರದ ನಿಮ್ಮಿಬ್ಬರ ಚಹಾ, ಜಗಳ, ನಗು ಎಲ್ಲ ನಿಂತುಹೋಯಿತು. ನಾನು ಮಾತ್ರ ಹೋಗುತ್ತಿದ್ದೆ, ಪ್ರತಿ ಸಲವೂ ಅವನು "ಫೆಲಿಕ್ಸ್ ಭಾಯಿ ಕೈಸಾ ಹೈ?" ಎಂದು ಕೇಳುತ್ತಿದ್ದ. ಅವರಿಗೆ ಬಿಡುವಿಲ್ಲ ಎನ್ನುತ್ತಿದ್ದೆ. ಕಳೆದ ವಾರ ತಡೆಯಲಾಗದೆ ಕೇಳಿಯೇಬಿಟ್ಟೆ — ಗೊತ್ತಿದ್ದೂ ಯಾಕೆ ನನ್ನ ಹೆಸರು ಹೇಳಲಿಲ್ಲ? ತನ್ನ ಮುರುಕು ಹಿಂದಿಯಲ್ಲಿ ಅಂದ: "ನಾನು ವಾರಕ್ಕೊಮ್ಮೆ ಸಿಗುವ ಗೆಳೆಯ, ನೀವಿಬ್ಬರು ಒಂದೇ ಮನೆಯಲ್ಲಿ ಬದುಕಬೇಕಾದವರು."

ಎದುರಿಗೆ ನಿಂತು ಹೇಳುವ ಧೈರ್ಯ ಸಾಲದೆ ಇದನ್ನು ಬರೆದು ನಿಮ್ಮ ದಿಂಬಿನ ಮೇಲೆ ಇಡುತ್ತಿದ್ದೇನೆ. ಓದಿದ ಕೂಡಲೇ ಅವನ ಅಂಗಡಿಗೆ ಹೋಗಿ, ಪೊರ್ಬುಗಳೇ. ನನ್ನನ್ನು ಬೈಯುವುದು ಬಂದ ಮೇಲೆ ಆಗಲಿ. ನಾನು ಮನೆಯಲ್ಲೇ ಇರುತ್ತೇನೆ.