ಎಬ್ಬಿಸಿದರೂ ಏಳಲಿಲ್ಲ

ಮಸ್ಕತ್ತಿನ ನಮ್ಮ ಕನ್ನಡ ಕೂಟದ ಮಕ್ಕಳ ಭಾಷಣ ಸ್ಪರ್ಧೆಗೆ ಪ್ರತಿ ವರ್ಷವೂ ನಮ್ಮ ದೇಶದ ನಾಯಕರೇ ವಿಷಯ. ಅಣ್ಣ ಬಾಯಿಪಾಠ ಮಾಡಿದ ಭಾಷಣವನ್ನು ಮರುವರ್ಷ ತಂಗಿ ಒಪ್ಪಿಸುತ್ತಿದ್ದಳು. ಅದರ ಮರುವರ್ಷ ಅದೇ ಭಾಷಣ ಪಕ್ಕದ ಫ್ಲ್ಯಾಟಿನ ಮಗುವಿನ ಬಾಯಲ್ಲಿ ಬರುತ್ತಿತ್ತು. ತೊಂಬತ್ತರ ದಶಕದ ಆರಂಭದಲ್ಲೊಮ್ಮೆ ಕೂಟದ ಕಾರ್ಯದರ್ಶಿಯವರಿಗೆ ಇದು ಸಾಕಾಯಿತು. "ಈ ಸಲ ಅಮೆರಿಕದ ಇತಿಹಾಸದ ದೊಡ್ಡವರು. ಯಾರ ಮನೆಯಲ್ಲಿ ಹಳೆ ಭಾಷಣ ಉಂಟು ನೋಡುವಾ" ಎಂದು ಸಾರಿಬಿಟ್ಟರು.

ನನ್ನ ಮಗಳು ಆಗ ಎಂಟನೆಯ ತರಗತಿಯಲ್ಲಿದ್ದಳು. ಮನೆಯಲ್ಲಿ ತುಳು, ದಾರ್ಸೈಟಿನ ಶಾಲೆಯಲ್ಲಿ ಇಂಗ್ಲಿಷ್. ಕನ್ನಡ ಕಲಿಸುವುದು ನನ್ನ ಪಾಲಿನ ಕೆಲಸ. ನಾನು ಆಸ್ಪತ್ರೆಯಲ್ಲಿ ವಾರ್ಡ್ ಸಿಸ್ಟರ್ ಆಗಿದ್ದೆ. ಡ್ಯೂಟಿಯಿಂದ ಬಂದ ಮೇಲೆ ಸ್ನಾನ, ದೀಪ, ಚಹಾ, ಅನಂತರ ಕನ್ನಡ. ನೆಂಟರು ಬಂದರೂ ಈ ಕ್ರಮ ತಪ್ಪುತ್ತಿರಲಿಲ್ಲ. ನೆಂಟರೂ ಕುಳಿತು ಕೇಳಬೇಕಾಗುತ್ತಿತ್ತು.

ಆದರೆ ಹಿಂದಿನ ವರ್ಷ ಒಂದು ಎಡವಟ್ಟಾಗಿತ್ತು. "ನಾಯಕರು ದೇಶಕ್ಕಾಗಿ ಪ್ರಾಣ ಬಿಟ್ಟರು" ಎನ್ನುವ ಕಡೆ ಅವಳು "ಪ್ರಾಣಿ ಬಿಟ್ಟರು" ಎಂದಿದ್ದಳು. ಸಭೆ ಬಿದ್ದು ಬಿದ್ದು ನಕ್ಕಿತು. ಶಾಲೆಯ ಬಸ್ಸಿನಲ್ಲಿ ಹುಡುಗರು "ಯಾವ ಪ್ರಾಣಿ? ಒಂಟೆಯಾ?" ಎಂದು ಬಹಳ ದಿನ ಕಾಡಿದರು.

"ಇನ್ನೊಂದು ಸಲ ನಕ್ಕರೆ ಖಲಾಸ್, ಅಮ್ಮ" ಎಂದಳು. "ಆಮೇಲೆ ಕನ್ನಡ ಫಿನಿಶ್. ನನ್ನನ್ನು ಕರೀಲೇಬೇಡಿ."

ಅವಳು ಹೇಳಿದ್ದನ್ನು ಮಾಡುವವಳು. ನನ್ನ ಅಷ್ಟು ವರ್ಷಗಳ ಪಾಠ ಆ ಒಂದು ಭಾಷಣದ ಮೇಲೆ ನಿಂತಿತು.

ಯಾರ ಬಗ್ಗೆ ಮಾತನಾಡುತ್ತೀ ಎಂದು ಕೇಳಿದೆ.

"ಪ್ರೆಸಿಡೆಂಟ್ಸ್ ಎಲ್ಲ ಖಾಲಿ. ಬಾಯ್ಸ್ ತಗೊಂಡ್ರು. ನಾನು ಬಸ್ಸಿನ ಲೇಡಿ."

"ಯಾವ ಬಸ್ಸು?"

ಶಾಲೆಯ ಲೈಬ್ರರಿಯಲ್ಲಿ ಓದಿದ್ದಳಂತೆ. ಅಮೆರಿಕದ ದಕ್ಷಿಣದ ಒಂದು ಊರು. ಬಟ್ಟೆ ಹೊಲಿಯುವ ಕೆಲಸದ ಕಪ್ಪು ಹೆಂಗಸು. ಬಸ್ಸು ತುಂಬಿದರೆ ಕಪ್ಪು ಜನ ಎದ್ದು ಬಿಳಿಯರಿಗೆ ಸೀಟು ಬಿಡಬೇಕೆಂಬ ಕಟ್ಟಳೆ. ಒಂದು ಸಂಜೆ ಡ್ರೈವರ್ ಹೇಳಿದಾಗ ಈಕೆ ಬಿಡಲಿಲ್ಲ.

"ಮತ್ತೆ ಎಂತ ಮಾಡಿದಳು?"

"ಏನೂ ಇಲ್ಲ. ಜಸ್ಟ್ ಕೂತಳು."

"ಕೂತದ್ದಕ್ಕೆ ಯಾರಾದರೂ ದೊಡ್ಡವರಾಗ್ತಾರಾ?"

"ನೀವು ಕೂತು ನೋಡಿ, ಅಮ್ಮ" ಎಂದಳು.

ಮಾತು ಹಿಡಿಸಿತು. ಇಬ್ಬರೂ ಸೇರಿ ಬರೆದೆವು. "ಎದ್ದು ಆಸನವನ್ನು ಬಿಟ್ಟುಕೊಡುವಂತೆ ಚಾಲಕನು ಆಜ್ಞಾಪಿಸಿದರೂ ಆಕೆ ಒಪ್ಪಲಿಲ್ಲ" ಎಂಬ ವಾಕ್ಯ ನನ್ನದು. ಅದನ್ನು ಸ್ಪಷ್ಟವಾಗಿ ಹೇಳುವ ತನಕ ಬಿಡಲಿಲ್ಲ.

ಸ್ಪರ್ಧೆ ಶುಕ್ರವಾರ ಮಧ್ಯಾಹ್ನ, ರುವಿ ಪೇಟೆಯ ಒಂದು ಹಾಲ್‌ನಲ್ಲಿ. ಮುಖ್ಯ ಅತಿಥಿಗಳು ಎಂದಿನಂತೆ ತಡ. ವೇದಿಕೆಯ ನಡುವೆ ಅವರ ದೊಡ್ಡ ಕುರ್ಚಿ, ಬೆನ್ನಿಗೆ ಬಿಳಿ ಟವೆಲ್ ಹೊದ್ದು ಖಾಲಿಯಾಗಿತ್ತು. ಗುಲಾಮರನ್ನು ಬಿಡುಗಡೆ ಮಾಡಿದ ಗಡ್ಡದ ಅಧ್ಯಕ್ಷರು ಹುಡುಗರ ಬಾಯಲ್ಲಿ ಒಬ್ಬರ ಹಿಂದೆ ಒಬ್ಬರಂತೆ ಬಂದು ಹೋದರು. ಮರ ಕಡಿದು ಅಪ್ಪನಿಗೆ ನಿಜ ಹೇಳಿದ ಮೊದಲನೆಯ ಅಧ್ಯಕ್ಷರೂ ಬಂದರು. ಕೊನೆಗೆ ನನ್ನ ಮಗಳ ಸರದಿ.

ಆರಂಭ ಚೆನ್ನಾಗಿತ್ತು. ಬಸ್ಸು ಬಂತು, ಹೆಂಗಸು ಹತ್ತಿದಳು, ಕುಳಿತಳು. ನನ್ನ ವಾಕ್ಯ ಬರಬೇಕಾದಲ್ಲಿ ಅವಳು ತಡವರಿಸಿದಳು. "ಎದ್ದು ಆಸನವನ್ನು..." ಮುಂದಿನದು ಬರಲಿಲ್ಲ. ಆಗ ಸ್ವಂತ ಮಾತಿಗೆ ಕೈ ಹಾಕಿದಳು.

"ಡ್ರೈವರ್ ಬಂದು ಅವಳನ್ನು ಎಬ್ಬಿಸಿದ. ಎಬ್ಬಿಸಿದರೂ ಅವಳು ಏಳಲಿಲ್ಲ."

ಹಿಂದಿನ ಸಾಲಿನಿಂದ ಯಾರೋ, "ಪಾಪ, ಓವರ್‌ಟೈಮ್ ಮಾಡಿ ನಿದ್ದೆ ಹೋಗಿದ್ದಾಳೆ ಮಾರಾಯ್ರೆ!" ಎಂದರು. ಕಂಪನಿ ಬಸ್ಸಿನಲ್ಲಿ ತೂಕಡಿಸಿ ಇಳಿಯುವ ಸ್ಟಾಪು ತಪ್ಪಿಸಿಕೊಂಡವರೇ ಸಭೆಯ ತುಂಬ ಇದ್ದದ್ದು. ಹಾಲ್ ಇಡೀ ನಕ್ಕಿತು.

ಅವಳ ಮುಖ ಕೆಂಪಾಯಿತು. ವೇದಿಕೆಯ ಮೆಟ್ಟಿಲಿನತ್ತ ನೋಡಿದಳು. ಮುಗಿಯಿತು, ಇಳಿದು ಬರುತ್ತಾಳೆ ಎಂದುಕೊಂಡೆ. ಇಳಿಯಲಿಲ್ಲ. ಮೈಕನ್ನು ಸ್ಟ್ಯಾಂಡಿನಿಂದ ಬಿಡಿಸಿಕೊಂಡು ಹೋಗಿ, ಬಿಳಿ ಟವೆಲ್ಲಿನ ಕುರ್ಚಿಯಲ್ಲಿ ಕುಳಿತುಬಿಟ್ಟಳು.

ಕಾರ್ಯದರ್ಶಿಯವರು ಪರದೆಯ ಬದಿಯಿಂದ ಓಡಿ ಬಂದರು. ಗಾಬರಿಯಲ್ಲಿ ತುಳುವೇ ಬಂತು. "ಲಕ್ಕ್ ಮಗಾ, ಲಕ್ಕ್! ಏಳು! ಅದು ಗೆಸ್ಟ್ ಕೂತುಕೊಳ್ಳುವ ಚೇರು!"

ಮಗಳು ಅವರತ್ತ ಕೈ ತೋರಿಸಿದಳು. "ಆ ಡ್ರೈವರ್ ಕೂಡ ಹೀಗೇ ಹೇಳಿದ."

ನಗು ಈಗ ಕಾರ್ಯದರ್ಶಿಯವರ ಕಡೆ ತಿರುಗಿತು. ಅದು ಅಡಗುವವರೆಗೆ ಅವಳು ಕಾದಳು.

"ಆ ಹೆಂಗಸಿಗೆ ನಿದ್ದೆ ಬಂದಿರಲಿಲ್ಲ. ಎಚ್ಚರ ಇತ್ತು. ಟಿಕೆಟಿಗೆ ದುಡ್ಡು ಕೊಟ್ಟಿದ್ದಳು. ಉಳಿದವರು ಎದ್ದರು. ಪೊಲೀಸರನ್ನು ಕರೀತೇನೆ ಅಂದ ಡ್ರೈವರ್. ಕರೀರಿ ಅಂದಳು. ಏಳಲಿಲ್ಲ."

ಯಾರೂ ನಗಲಿಲ್ಲ. ಕಾರ್ಯದರ್ಶಿಯವರು ಇದ್ದಲ್ಲೇ ನಿಂತರು. ಪಕ್ಕದಲ್ಲಿ ಕುಳಿತಿದ್ದ ಗೆಳತಿ ನನ್ನ ಮೊಣಕೈ ತಿವಿದಳು. "ಸಿಸ್ಟರೇ, ಮಗಳು ಗೆಸ್ಟ್ ಚೇರಲ್ಲಿ ಕೂತಿದ್ದಾಳೆ. ನೀವು ಎಂತದೂ ಹೇಳುವುದಿಲ್ವಾ?"

"ಇಲ್ಲ" ಎಂದೆ. "ಕೂತುಕೊಳ್ಳಲಿ."

ಹಾಗೆ ಹೇಳುವಾಗ ನನ್ನ ಬೆನ್ನು ನೆಟ್ಟಗಾದದ್ದು ಈಗಲೂ ನೆನಪಿದೆ. ಒಂದು ಮಾತು ಕೈಕೊಟ್ಟಾಗ ಅವಳು ಇಂಗ್ಲಿಷಿಗೆ ಓಡಿರಲಿಲ್ಲ. ಕನ್ನಡದಲ್ಲಿಯೇ ನಿಂತು, ಅಲ್ಲ, ಕನ್ನಡದಲ್ಲಿಯೇ ಕುಳಿತು ಅದನ್ನು ಸರಿ ಮಾಡಿದ್ದಳು. ನಾನು ಬರೆದುಕೊಟ್ಟ ಆಸನ, ಚಾಲಕ, ಆಜ್ಞೆಗಳಿಂದ ಆ ಕೆಲಸ ಆಗುತ್ತಿರಲಿಲ್ಲ.

ಆ ಊರಿನ ತರುಣ ಪಾದ್ರಿಯೊಬ್ಬರು ಜನರನ್ನು ಸೇರಿಸಿದರು ಎನ್ನುವಷ್ಟರಲ್ಲಿ ಗಂಟೆ ಹೊಡೆಯಿತು. ಸಮಯ ಮುಗಿದಿತ್ತು. ಬಹುಮಾನ ಗಡ್ಡದ ಅಧ್ಯಕ್ಷರಲ್ಲಿ ಒಬ್ಬರಿಗೆ ಹೋಯಿತು. ತೀರ್ಪುಗಾರರು ನಿಯಮ ಪಾಲಿಸಿದರು, ನನಗೆ ತಕರಾರಿಲ್ಲ.

ಹೊರಡುವಾಗ ಮೆಟ್ಟಿಲ ಬಳಿ ಒಬ್ಬರು ಬ್ಯಾರಿ ವ್ಯಾಪಾರಿ ನಮ್ಮನ್ನು ತಡೆದರು. ಉಳ್ಳಾಲದ ಕಡೆಯವರು, ಹಾಲ್ ಎದುರು ಬಟ್ಟೆ ಅಂಗಡಿ ಇಟ್ಟಿದ್ದವರು.

"ನಿಲ್ಲು ಮಗಳೇ. ಅರ್ಧದಲ್ಲಿ ಬೆಲ್ಲು ಹೊಡೆದ್ರು. ಆ ಹೆಂಗಸಿಗೆ ಮತ್ತೆ ಎಂತ ಆಯ್ತು?"

ಮಗಳು ನನ್ನ ಮುಖ ನೋಡಲಿಲ್ಲ. "ಪೊಲೀಸರು ಹಿಡಿದರು, ಅಂಕಲ್. ಆಮೇಲೆ ಎಲ್ಲ ಕಪ್ಪು ಜನ ಸೇರಿ ಬಸ್ಸು ಬಿಟ್ಟರು."

"ಬಸ್ಸು ಬಿಟ್ರಾ? ಯಾವ ರೂಟಿಗೆ?"

ಒಂದು ಕ್ಷಣ ಅವಳಿಗೆ ತಿಳಿಯಲಿಲ್ಲ. ತಿಳಿದ ಕೂಡಲೆ ಅವಳೇ ಮೊದಲು ನಕ್ಕಳು, ಜೋರಾಗಿ. "ಅಯ್ಯೋ, ಓಡಿಸಿದ್ದಲ್ಲ! ಹತ್ತಲಿಲ್ಲ. ಎಲ್ಲರೂ ನಡೆದರು. ಕೆಲಸಕ್ಕೆ, ಶಾಲೆಗೆ, ಚರ್ಚಿಗೆ."

"ಎಷ್ಟು ದಿನ?"

"ಒಂದು ವರ್ಷಕ್ಕಿಂತ ಜಾಸ್ತಿ."

"ಅಲ್ಲಾ! ಚಳಿಯಲ್ಲೂ?"

"ಚಳಿಯಲ್ಲೂ. ಕೇಳಿ ಅಂಕಲ್, ಆಮೇಲೆ ಕೋರ್ಟಿಗೆ ಹೋಯ್ತು..."

ಕೆಳಗೆ ಟ್ಯಾಕ್ಸಿಯವನು ಹಾರ್ನ್ ಹೊಡೆದು "ಯಲ್ಲಾ, ಯಲ್ಲಾ" ಎಂದು ಅವಸರಪಡಿಸಿದ. ನಾನು ಇಳಿದು ಹೋಗಿ ಅವನನ್ನು ಕಳುಹಿಸಿಬಿಟ್ಟೆ. ಮೇಲೆ ಕಥೆ ಇನ್ನೂ ಕೋರ್ಟಿನ ಬಾಗಿಲಿನಲ್ಲಿತ್ತು.